ಕಲ್ಲಿನ ಗುಮ್ಮಟ ಕಟ್ಟಿದ ಬಡಗಿ

ಜರ್ಮನಿಯ ಡ್ರೆಸ್ಡನ್ ನಗರದ ಫ್ರೌಯೆನ್‌ಕಿರ್ಖೆ ಎಂಬ ಇಗರ್ಜಿಯು ಗಂಟೆಯಾಕಾರದ ಕಲ್ಲಿನ ಗುಮ್ಮಟಕ್ಕೆ ಪ್ರಸಿದ್ಧವಾಗಿದೆ. ಅದನ್ನು ರೂಪಿಸಿದವರು ಮರಗೆಲಸದ ಬಡಗಿಯೆಂದರೆ ಆಶ್ಚರ್ಯವೆನಿಸಬಹುದು. ಅವರೇ ಗೆಯೋರ್ಗ್ ಬೇರ್.

ಬೇರ್ ಅವರು 1666ರ ಮಾರ್ಚ್ 15ರಂದು ಸ್ಯಾಕ್ಸನಿಯ ಫ್ಯುರ್ಸ್ಟೆನ್‌ವಾಲ್ಡೆ ಎಂಬ ಹಳ್ಳಿಯಲ್ಲಿ ಬಡ ನೇಕಾರರ ಮನೆಯಲ್ಲಿ ಜನಿಸಿದರು. ಸಮೀಪದ ಲೌಯೆನ್‌ಸ್ಟೈನ್‌ನಲ್ಲಿ ಬಡಗಿತನ ಕಲಿತು, 1693ರಲ್ಲಿ ಕೆಲಸಕ್ಕಾಗಿ ಡ್ರೆಸ್ಡನ್‌ಗೆ ಬಂದರು. ದುಡಿಯುತ್ತಲೇ ಯಂತ್ರಶಾಸ್ತ್ರವನ್ನೂ ಅಭ್ಯಾಸ ಮಾಡಿದರು. ಅವರ ಕುಶಲತೆಯನ್ನು ಮೆಚ್ಚಿ ನಗರಸಭೆಯು 1705ರಲ್ಲಿ ಅವರನ್ನು ತನ್ನ ಮುಖ್ಯ ಬಡಗಿಯಾಗಿ ನೇಮಿಸಿತು. ಲೋಷ್‌ವಿಟ್ಸ್ ಎಂಬಲ್ಲಿ ಎಂಟು ಮೂಲೆಗಳ ಇಗರ್ಜಿಯೊಂದು ಅವರ ಯೋಜನೆಯಂತೆ 1708ರಲ್ಲಿ ಪೂರ್ಣಗೊಂಡಿತು.

1722ರಲ್ಲಿ ಫ್ರೌಯೆನ್‌ಕಿರ್ಖೆಯ ಹೊಣೆ ಅವರ ಪಾಲಿಗೆ ಬಂದಿತು. 1726ರ ಆಗಸ್ಟ್ 26ರಂದು ಅಡಿಗಲ್ಲು ಹಾಕಲಾಯಿತು. ಗುಮ್ಮಟವನ್ನು ಮರದಿಂದ ಕಟ್ಟಿ ತಾಮ್ರದ ತಗಡು ಹೊದಿಸುವುದೆಂದು ಮೊದಲಿನ ಯೋಜನೆಯಿತ್ತು. ಆದರೆ ಮರವನ್ನೇ ನಂಬಿ ಬದುಕಿದ ಬೇರ್ ಅವರೇ ಕಲ್ಲನ್ನು ಆರಿಸಿದರು! ಸುಮಾರು 12,000 ಟನ್ ಭಾರವನ್ನು ಎಂಟು ಕಂಬಗಳು ಹೊತ್ತಾವೆಯೇ ಎಂದು ಹಲವರು ಶಂಕಿಸಿದರು. ಕಟ್ಟಡದಲ್ಲಿ ಬಿರುಕುಗಳು ಕಂಡಾಗ ಟೀಕೆ ಇನ್ನೂ ಹೆಚ್ಚಿತು. ಬೇರ್ ಅವರು ಮಾತ್ರ ಧೃತಿಗೆಡಲಿಲ್ಲ. ಕಲ್ಲುಗಳು ಹೊರಕ್ಕೆ ಸರಿಯದಂತೆ ಗುಮ್ಮಟಕ್ಕೆ ಕಬ್ಬಿಣದ ಬಳೆಗಳನ್ನು ಹಾಕಿಸಿ ಕೆಲಸ ಮುಂದುವರಿಸಿದರು.

1738ರ ಮಾರ್ಚ್ 16ರಂದು, 72 ತುಂಬಿದ ಮರುದಿನವೇ, ಅವರು ತೀರಿಕೊಂಡರು. ಇಗರ್ಜಿ ಪೂರ್ತಿಯಾದದ್ದು 1743ರಲ್ಲಿ. ತನ್ನ ಕೃತಿಯ ಪೂರ್ಣರೂಪವನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಆದರೆ 1760ರ ಯುದ್ಧದಲ್ಲಿ ಪ್ರಷ್ಯದ ಫಿರಂಗಿ ಗುಂಡುಗಳು ಬಡಿದಾಗಲೂ ಆ ಗುಮ್ಮಟ ಜಗ್ಗಲಿಲ್ಲ. ಶಂಕೆಗೆ ಉತ್ತರ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿ, 1945ರ ಫೆಬ್ರವರಿ 13ರ ರಾತ್ರಿ, ಡ್ರೆಸ್ಡನ್ ಮೇಲೆ ಬಾಂಬಿನ ಮಳೆ ಸುರಿಯಿತು. ಬೆಂಕಿಯ ತಾಪಕ್ಕೆ ಕಂಬಗಳು ಸಡಿಲಗೊಂಡು, 15ರ ಬೆಳಿಗ್ಗೆ ಗುಮ್ಮಟ ಕುಸಿಯಿತು. ಹಲವು ದಶಕಗಳ ಕಾಲ ಅಲ್ಲಿದ್ದುದು ಕಲ್ಲಿನ ರಾಶಿಯೊಂದೇ. 1994ರಲ್ಲಿ ಪುನರ್ನಿರ್ಮಾಣ ಆರಂಭವಾಯಿತು. ಅವಶೇಷಗಳಲ್ಲಿ ದೊರೆತ ಸಾವಿರಾರು ಹಳೆಯ ಕಲ್ಲುಗಳನ್ನು ಹೊಸ ಕಲ್ಲುಗಳೊಡನೆ ಸೇರಿಸಿ, ಬೇರ್ ಅವರ ವಿನ್ಯಾಸದಂತೆಯೇ ಮತ್ತೆ ಕಲ್ಲಿನ ಗುಮ್ಮಟವನ್ನು ಎತ್ತಲಾಯಿತು. 2005ರ ಅಕ್ಟೋಬರ್ 30ರಂದು ಇಗರ್ಜಿಯ ಪುನಃಪ್ರತಿಷ್ಠೆ ನೆರವೇರಿತು. ಹೊಸ ಗೋಡೆಗಳಲ್ಲಿ ಕಪ್ಪಾದ ಹಳೆಯ ಕಲ್ಲುಗಳು ಎದ್ದು ಕಾಣುತ್ತವೆ. ನೆಲಮಾಳಿಗೆಯಲ್ಲಿ ಬೇರ್ ಅವರ ಸಮಾಧಿಯಿದೆ.

ವಿದ್ಯಾರ್ಥಿ ಮಿತ್ರರೇ, ಉಳಿ ಹಿಡಿದ ಕೈ ಚಿಕ್ಕದಲ್ಲ. ಕೈಗೆಲಸಕ್ಕೆ ಕಲಿಯುವ ಹಂಬಲವೂ ಛಲವೂ ಕೂಡಿದರೆ, ಮಾಡಿದಾತ ಅಳಿದರೂ ಅವನ ಕೆಲಸ ಉಳಿಯುತ್ತದೆ. ಉರುಳಿದರೂ ಮತ್ತೆ ಎದ್ದು ನಿಲ್ಲುತ್ತದೆ.