ಧರ್ಮ ಸಾರಲು ಬಂದರು, ನಿಘಂಟು ಕೊಟ್ಟು ಹೋದರು: ಕಿಟೆಲ್ ಸಾಹೇಬರ ಬದುಕು ಇವತ್ತಿನ ಚರ್ಚಿಗೆ ಏನು ಹೇಳುತ್ತೆ?

ಹುಬ್ಬಳ್ಳಿ: ಗೋಕುಲ ರಸ್ತೆಯಲ್ಲಿ ಇವತ್ತು ವಿಮಾನ ಇಳಿಯುತ್ತೆ. ಆದರೆ 1853ರಲ್ಲಿ 21 ವರ್ಷದ ಜರ್ಮನ್ ಹುಡುಗನೊಬ್ಬ ಈ ಸೀಮೆಗೆ ಬಂದಾಗ ಇಲ್ಲಿಗೆ ರೈಲೂ ಇರಲಿಲ್ಲ. ಹಡಗಿನಲ್ಲಿ ಕರಾವಳಿಗೆ ಬಂದು, ಘಟ್ಟ ಹತ್ತಿ ಧಾರವಾಡ ಸೇರಬೇಕಿತ್ತು. ಆ ಹುಡುಗನ ಹೆಸರು ಫರ್ಡಿನಾಂಡ್ ಕಿಟೆಲ್.

ಧಾರವಾಡದ ಕಿಟೆಲ್ ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು. ಆ ಮನುಷ್ಯ ಯಾರು, ಯಾಕೆ ಬಂದ, ಏನು ಬಿಟ್ಟು ಹೋದ ಅನ್ನೋದು ಗೊತ್ತಿರುವ ಮಂದಿ ಕಡಿಮೆ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರ ತುದಿಯ ಒಂದು ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಮಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋಗಿ ಮಿಷನ್ ಶಾಲೆಯಲ್ಲಿ ಓದಿದ. ಅದೇ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟಿತ್ತು. ಯೇಸುವಿನ ಸುವಾರ್ತೆ ಸಾರುವುದು, ಮಂದಿಯನ್ನು ಕ್ರೈಸ್ತ ಧರ್ಮಕ್ಕೆ ತರುವುದು ಅದರ ಉದ್ದೇಶ. ಕಿಟೆಲ್ ಬಂದಿದ್ದೂ ಅದಕ್ಕೇ.

ಬಂಗಲೆ ಬೇಡ, ಊರಿನ ಮಂದಿ ಬೇಕು

ಇಲ್ಲಿಗೆ ಬಂದ ಮೇಲೆ ಕಿಟೆಲ್‌ಗೆ ಒಂದು ಮಾತು ಹೊಳೆಯಿತು. ಮಂದಿಯ ಭಾಷೆ ಬಾರದೆ, ಅವರ ಹಾಡು, ಗಾದೆ, ಕಾವ್ಯ ತಿಳಿಯದೆ ಅವರ ಮುಂದೆ ನಿಂತು ಉಪದೇಶ ಮಾಡಿದರೆ ಏನೂ ಆಗೋದಿಲ್ಲ ಅಂತ. ಬಿಳಿಯ ಮಿಷನರಿಗಳ ಬಂಗಲೆ ಜೀವನ ಅವರಿಗೆ ಹಿಡಿಸಲಿಲ್ಲ. ಹಳ್ಳಿಗಳಿಗೆ ನಡೆದು ಹೋದರು. ಕನ್ನಡದವರ ನಡುವೆ ಕನ್ನಡದವರ ಹಾಗೇ ಬದುಕಬೇಕು ಅಂದರು. ಹಿರಿಯ ಮಿಷನರಿಗಳಿಗೆ ಇದು ಸರಿಬರಲಿಲ್ಲ. ಭಾಷೆಯ ಹುಚ್ಚಿನಲ್ಲಿ ಧರ್ಮಪ್ರಚಾರ ಹಿಂದೆ ಬೀಳುತ್ತೆ ಅನ್ನೋ ಅಸಮಾಧಾನವೂ ಇತ್ತು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಊರೂರು ಬದಲಾಯಿತು. ಕನ್ನಡದ ಕೆಲಸ ಮಾತ್ರ ನಿಲ್ಲಲಿಲ್ಲ.

1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ ಕಥಾಮಾಲೆ ಹೊರತಂದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಪಾದ್ರಿಯೊಬ್ಬರು ಕನ್ನಡದ ಹಳೆಯ ವ್ಯಾಕರಣ, ಛಂದಸ್ಸಿನ ಗ್ರಂಥಗಳಿಗೆ ಮತ್ತೆ ಜೀವ ಕೊಟ್ಟರು.

ಮನೆಯ ಕಷ್ಟವೂ ಕಡಿಮೆ ಇರಲಿಲ್ಲ. ಮೊದಲ ಹೆಂಡತಿ ಪೌಲೀನ್ 1864ರಲ್ಲೇ ತೀರಿಕೊಂಡರು. ಆಮೇಲೆ ಪೌಲೀನ್ ಅವರ ಸಹೋದರಿ ಜೂಲಿ ಅವರನ್ನು ಮದುವೆಯಾದರು.

ನಮ್ಮ ಕಡೆ ಮಾತಿಗೂ ಜಾಗ

ಕಿಟೆಲ್ ಹುಟ್ಟಿದ 1832ರಲ್ಲೇ ವಿಲಿಯಂ ರೀವ್ ಅನ್ನೋ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಅದು ಸಾಲಲಿಲ್ಲ. ಕಿಟೆಲ್ ಎರಡು ದಶಕಕ್ಕೂ ಹೆಚ್ಚು ಕಾಲ ಕೂತು ಪದ ಕೂಡಿಸಿದರು. ಸ್ಥಳೀಯ ಪಂಡಿತರು ಜೊತೆಗಿದ್ದರು. ಯಾವುದು ಅಚ್ಚ ಕನ್ನಡ, ಯಾವುದು ಸಂಸ್ಕೃತದಿಂದ ಬಂದದ್ದು, ತಮಿಳು, ತೆಲುಗು, ತುಳುವಿನಲ್ಲಿ ಅದರ ನಂಟರು ಯಾರು ಅಂತ ಒಂದೊಂದಾಗಿ ಗುರುತಿಸಿದರು. ಪುಸ್ತಕದ ಕನ್ನಡ ಅಷ್ಟೇ ಅಲ್ಲ, ಮಂದಿಯ ಬಾಯಿಮಾತು, ಗಾದೆಗಳೂ ಸೇರಿದವು. ಆಗ ದಕ್ಷಿಣ ಮರಾಠಾ ಸೀಮೆ ಅಂತ ಕರೆಯುತ್ತಿದ್ದ ನಮ್ಮ ಭಾಗದ ಮಾತುಗಳಿಗೆ ಬೇರೆ ಗುರುತೇ ಹಾಕಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಆ ಗ್ರಂಥದಲ್ಲಿ ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲೇ ಕಣ್ಣು ಮುಚ್ಚಿದರು.

ಕಾರ್ಖಾನೆ ಹೋದವು, ಪದ ಉಳಿದವು

ಬಾಸೆಲ್ ಮಿಷನ್ ಬರೀ ಪ್ರಾರ್ಥನೆ ಮಾಡಿಸಿ ಕೂತಿರಲಿಲ್ಲ. ಧರ್ಮ ಬದಲಿಸಿದವರನ್ನು ಮನೆ, ಜಾತಿ ಹೊರಗಿಡುತ್ತಿದ್ದವು. ಅವರ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ ಕಾರ್ಖಾನೆ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಅಂತ ಹೆಸರಾದದ್ದು ಅಲ್ಲಿಂದ. ಧರ್ಮ ಬದಲಾವಣೆಯ ಜಗಳ ಆಗಲೂ ಇತ್ತು, ಇವತ್ತೂ ಇದೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು, ಕಾರ್ಖಾನೆಗಳು ಮಿಷನ್ ಕೈತಪ್ಪಿದವು. ದಶಕಗಳ ಕಾಲ ಕಟ್ಟಿದ ವ್ಯವಹಾರ ಕೆಲವೇ ವರ್ಷದಲ್ಲಿ ಬೇರೆಯವರ ಪಾಲಾಯಿತು. ಅಂಗಡಿ, ವ್ಯಾಪಾರ ನಡೆಸುವವರಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ.

ಕಿಟೆಲ್ ನಿಘಂಟನ್ನು ಮಾತ್ರ ಯಾವ ಸರ್ಕಾರವೂ ಕಿತ್ತುಕೊಳ್ಳಲಿಲ್ಲ. ಅದು ಆಗಲೇ ಕನ್ನಡಿಗರ ಕೈಗೆ ಬಂದಾಗಿತ್ತು. 1968ರಿಂದ 1971ರ ನಡುವೆ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಬೆಳೆಸಿ, ನಾಲ್ಕು ಸಂಪುಟ ಮಾಡಿದರು. ಧರ್ಮಪ್ರಚಾರಕ್ಕೆ ಅಡ್ಡಿ ಅಂತ ಕೆಲವರು ಕಂಡ ಕೆಲಸವೇ ಮಿಷನ್ ಹೆಸರನ್ನು ಇವತ್ತಿಗೂ ಉಳಿಸಿದೆ.

ಮುಂದೇನು?

ಈಗ ಕಾಲ ತಿರುಗಿದೆ. ಕಿಟೆಲ್ ಹುಟ್ಟಿದ ಜರ್ಮನಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನ ಚರ್ಚಿನ ಸದಸ್ಯತ್ವ ಬಿಡುತ್ತಿದ್ದಾರೆ. ಬಾಸೆಲ್ ಮಿಷನ್ 2001ರಲ್ಲಿ ಮಿಷನ್ 21 ಅನ್ನೋ ಸಂಸ್ಥೆಯಲ್ಲಿ ಸೇರಿತು. ಅವರು ಇಲ್ಲಿ ನೆಟ್ಟ ಸಭೆಗಳು ಈಗ ದಕ್ಷಿಣ ಭಾರತ ಸಭೆಯ ಪಾಲು. ಅದರ ಉತ್ತರ ಕರ್ನಾಟಕ ಧರ್ಮಪ್ರಾಂತ್ಯದ ಕಚೇರಿ ನಮ್ಮ ಧಾರವಾಡದಲ್ಲೇ ಇದೆ. ಬಿಷಪ್ಪರೂ ನಮ್ಮವರೇ, ಪಾದ್ರಿಗಳೂ ನಮ್ಮವರೇ. ಹೊರದೇಶದ ಮಿಷನರಿ ಬಂದು ಶಾಲೆ ಕಟ್ಟಿಸುವ ಕಾಲ ಮುಗಿಯಿತು.

ಶಾಲೆ, ಕಾಲೇಜುಗಳನ್ನು ಈಗ ಇಲ್ಲಿಯ ಸಭೆಯವರೇ ನಡೆಸಬೇಕು. ಓದಿದ ಹುಡುಗರು ಕೆಲಸ ಅಂತ ಬೆಂಗಳೂರು ಸೇರುತ್ತಿದ್ದಾರೆ. ದೊಡ್ಡ ನಗರಗಳಲ್ಲಿ ಇಂಗ್ಲಿಷ್ ಆರಾಧನೆಯೂ ಜೋರಾಗಿದೆ. ಮಿಷನ್ ಅಂದರೆ ಮುಂದೆ ಏನು ಅನ್ನೋ ಪ್ರಶ್ನೆಗೆ ಉತ್ತರ ಬಾಸೆಲ್‌ನಿಂದ ಬರೋದಿಲ್ಲ, ಇಲ್ಲಿಯವರೇ ಕಂಡುಕೊಳ್ಳಬೇಕು.

ಕಿಟೆಲ್ ಬದುಕಿನಲ್ಲಿ ಒಂದು ದಾರಿ ಕಾಣುತ್ತೆ. ಅವರು ಕಲಿಸಲು ಬಂದರು, ಮೊದಲು ಕಲಿತರು. ಅವರ ನಿಘಂಟು ತೆಗೆದು ನೋಡುವವರಲ್ಲಿ ಲಿಂಗಾಯತರಿದ್ದಾರೆ, ಬ್ರಾಹ್ಮಣರಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಪದದ ಅರ್ಥ ಹುಡುಕುವವನ ಜಾತಿ, ಧರ್ಮವನ್ನು ಆ ಪುಸ್ತಕ ಕೇಳೋದಿಲ್ಲ. ಊರಿಗೆಲ್ಲ ಬೇಕಾದ ಅಂಥ ಒಂದು ಕೆಲಸ ಕೈಯಲ್ಲಿದ್ದರೆ ಚರ್ಚು ಇರಲಿ, ಮಠ ಇರಲಿ, ಕಾಲ ಬದಲಾದರೂ ಊರು ಅದನ್ನು ಬಿಟ್ಟುಕೊಡೋದಿಲ್ಲ.