ಡಾರ್ವಿನ್ ಕಾದ ಇಪ್ಪತ್ತು ವರ್ಷ

1844ರ ಜುಲೈ 5ರಂದು ಚಾರ್ಲ್ಸ್ ಡಾರ್ವಿನ್ ತನ್ನ ಪತ್ನಿ ಎಮ್ಮಾಳಿಗೆ ಒಂದು ಪತ್ರ ಬರೆದಿಟ್ಟ. ಒಂದೇ ಸೂರಿನಡಿ ವಾಸಿಸುತ್ತಿದ್ದ ದಂಪತಿಯ ನಡುವಿನ ಪತ್ರವದು. ತಾನು ಅಕಸ್ಮಾತ್ತಾಗಿ ತೀರಿಕೊಂಡರೆ 400 ಪೌಂಡ್ ವ್ಯಯಿಸಿ, ಸಮರ್ಥ ಸಂಪಾದಕನೊಬ್ಬನನ್ನು ಹುಡುಕಿ, ತಾನು ಬರೆದಿರಿಸಿದ ಪ್ರಬಂಧವನ್ನು ಪ್ರಕಟಿಸಬೇಕೆಂಬುದು ಅದರ ಸಾರ. ಆಗ ಆತನಿಗೆ 35 ವರ್ಷ. ಸುಮಾರು 190 ಪುಟಗಳ ಆ ಹಸ್ತಪ್ರತಿಯಲ್ಲಿದ್ದುದು ಜೀವಪ್ರಭೇದಗಳು ನೈಸರ್ಗಿಕ ಆಯ್ಕೆಯ ಮೂಲಕ ಬದಲಾಗುತ್ತ ಬಂದಿವೆ ಎಂಬ ಸಿದ್ಧಾಂತ. ಸತ್ತ ಮೇಲೆ ಲೋಕ ಅದನ್ನು ಓದಲೆಂದು ಹಣ ತೆಗೆದಿಡಲು ಸಿದ್ಧನಿದ್ದವನು, ಬದುಕಿರುವಾಗ ಅದನ್ನು ಮುದ್ರಕನ ಕೈಗೆ ಕೊಡಲು ಸಿದ್ಧನಿರಲಿಲ್ಲ.

ಹಾಗೆಂದು ಡಾರ್ವಿನ್ ಹುಟ್ಟು ಅಳುಕಿನ ಸ್ವಭಾವದವನೇನಲ್ಲ. 1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಸ್ಥಿತಿವಂತ ವೈದ್ಯನ ಮಗನಾಗಿ ಜನಿಸಿದ ಆತನನ್ನು ತಂದೆ 1825ರಲ್ಲಿ ವೈದ್ಯಕೀಯ ಕಲಿಯಲು ಎಡಿನ್‌ಬರೊಗೆ ಕಳಿಸಿದರು. ಅರಿವಳಿಕೆಯಿನ್ನೂ ಬಾರದ ಕಾಲ. ಮಗುವೊಂದರ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಆತ ಕೋಣೆಯಿಂದ ಹೊರಗೋಡಿದ. ಡಾಕ್ಟರಾಗದಿದ್ದರೆ ಎಂಜಿನಿಯರ್ ಎಂದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ತೀರ್ಮಾನವಾಗುವಂತೆ ಅಲ್ಲಿ ಪಾದ್ರಿಯಾಗಲೆಂದು ತೀರ್ಮಾನವಾಯಿತು. ಕೇಂಬ್ರಿಜ್‌ನಲ್ಲಿ ಆತ ಪದವಿಯನ್ನೇನೋ ಪಡೆದ. ಮನಸ್ಸು ಮಾತ್ರ ಜೀರುಂಡೆಗಳ ಸಂಗ್ರಹದಲ್ಲಿತ್ತು. 1831ರಲ್ಲಿ ಬೀಗಲ್ ಹಡಗಿನ ಯಾನಕ್ಕೆ ಆಹ್ವಾನ ಬಂದಾಗ ತಂದೆ ಸಾಲುಸಾಲಾಗಿ ಆಕ್ಷೇಪಗಳನ್ನೆತ್ತಿದರು: ಇದು ಹುಚ್ಚು ಯೋಜನೆ, ಪಾದ್ರಿಯಾಗಲಿರುವವನಿಗೆ ಶೋಭೆಯಲ್ಲ, ಮತ್ತೊಮ್ಮೆ ವೃತ್ತಿ ಬದಲಿಸಿದಂತಾಗುತ್ತದೆ. ಸೋದರಮಾವ ಜೊಸಾಯ ವೆಜ್‌ವುಡ್ ಒಂದೊಂದು ಆಕ್ಷೇಪಕ್ಕೂ ಲಿಖಿತ ಸಮಾಧಾನ ನೀಡಿದ ಮೇಲೆ ಅನುಮತಿ ದೊರೆಯಿತು. ಎರಡು ವರ್ಷವೆಂದು ಹೊರಟ ಯಾನ ಐದು ವರ್ಷದ ಸಮೀಪಕ್ಕೆ ಬೆಳೆಯಿತು. ಕಡಲ ವಾಂತಿ ಕೊನೆಯವರೆಗೂ ಬಿಡಲಿಲ್ಲ. ಆದರೂ ಆತ ನಡುವೆ ಇಳಿದು ಮನೆಗೆ ಮರಳಲಿಲ್ಲ.

ಇಪ್ಪತ್ತೆರಡರಲ್ಲಿ ಗೊತ್ತುಗುರಿಯಿಲ್ಲದ ಸಾಹಸಕ್ಕೆ ಧುಮುಕಿದ ತರುಣ, ಹಿಂದಿರುಗಿದ ನಂತರ ಬೇರೊಬ್ಬ ಮನುಷ್ಯನಾದಂತೆ ತೋರುತ್ತಾನೆ. ಮದುವೆಯಾಗಬೇಕೆ ಬೇಡವೆ ಎಂಬುದಕ್ಕೂ 1838ರಲ್ಲಿ ಕಾಗದದ ಮೇಲೆ ಎರಡು ಪಟ್ಟಿ ಮಾಡಿದ. ಜೊತೆಗಾರ್ತಿಯಿದ್ದರೆ ನಾಯಿ ಸಾಕುವುದಕ್ಕಿಂತ ಮೇಲೆಂಬ ಲೆಕ್ಕಾಚಾರ ಒಂದು ಕಡೆ, ಪುಸ್ತಕಕ್ಕೆ ಹಣ ಉಳಿಯದೆಂಬ ಚಿಂತೆ ಇನ್ನೊಂದು ಕಡೆ. ಪುಣ್ಯಕ್ಕೆ ಈ ವಿಷಯದಲ್ಲಿ ನಿರ್ಧಾರ ಬೇಗನೆ ಆಯಿತು. 1839ರ ಜನವರಿಯಲ್ಲಿ ಎಮ್ಮಾಳ ಕೈಹಿಡಿದ. ಸಿದ್ಧಾಂತದ ವಿಷಯದಲ್ಲಿ ಹಾಗಾಗಲಿಲ್ಲ. ಪ್ರಭೇದಗಳ ರೂಪಾಂತರ ಕುರಿತ ಮೊದಲ ಟಿಪ್ಪಣಿ ಪುಸ್ತಕವನ್ನು ಆತ ತೆರೆದುದು 1837ರಲ್ಲಿ. ಮರುವರ್ಷ ಜನಸಂಖ್ಯೆ ಕುರಿತ ಮಾಲ್ಥಸ್‌ನ ಪ್ರಬಂಧವನ್ನೋದಿದಾಗ, ಉಳಿವಿಗಾಗಿ ನಡೆಯುವ ಹೋರಾಟವೇ ಆಯ್ಕೆಯ ಕೆಲಸ ಮಾಡುತ್ತದೆಂಬ ಕೀಲಿಕೈ ಸಿಕ್ಕಿತು. ಮುಖ್ಯ ವಿಚಾರ ಅಲ್ಲಿಗೆ ಪೂರ್ಣಗೊಂಡಿತ್ತು.

ಮತ್ತೇಕೆ ಮೌನ? 1844ರಲ್ಲಿ ಸಸ್ಯಶಾಸ್ತ್ರಜ್ಞ ಮಿತ್ರ ಹುಕರ್‌ಗೆ ತನ್ನ ನಂಬಿಕೆಯನ್ನು ತಿಳಿಸುವಾಗ, ಕೊಲೆಯನ್ನು ಒಪ್ಪಿಕೊಂಡಂತಾಗುತ್ತಿದೆ ಎಂಬರ್ಥದಲ್ಲಿ ಬರೆದ. ಅದೇ ವರ್ಷ ಅನಾಮಧೇಯ ಲೇಖಕನೊಬ್ಬ ಸೃಷ್ಟಿಯ ವಿಕಾಸ ಕುರಿತು ಪ್ರಕಟಿಸಿದ ಪುಸ್ತಕವೊಂದು ಬಿಸಿದೋಸೆಯಂತೆ ಖರ್ಚಾಯಿತು. ಅದನ್ನು ಹಿಗ್ಗಾಮುಗ್ಗಾ ಖಂಡಿಸಿದವರಲ್ಲಿ ಡಾರ್ವಿನ್‌ಗೆ ಭೂವಿಜ್ಞಾನ ಕಲಿಸಿದ ಸೆಜ್‌ವಿಕ್ ಕೂಡ ಒಬ್ಬ. ಪುರಾವೆ ಸಾಲದೆ ಮಾತಾಡಿದರೆ ಏನಾಗುತ್ತದೆಂಬುದನ್ನು ಡಾರ್ವಿನ್ ಕಣ್ಣಾರೆ ಕಂಡ. ಮನೆಯಲ್ಲಿ ಎಮ್ಮಾಳ ದೈವಭಕ್ತಿ, ಅವಳನ್ನು ನೋಯಿಸಲಾಗದ ಸಂಕಟ. ಇದರ ಮೇಲೆ, ಅನೇಕ ಪ್ರಭೇದಗಳನ್ನು ಸ್ವತಃ ಸೂಕ್ಷ್ಮವಾಗಿ ಪರಿಶೀಲಿಸದವನಿಗೆ ಪ್ರಭೇದಗಳ ಬಗ್ಗೆ ಮಾತಾಡುವ ಹಕ್ಕಿಲ್ಲವೆಂದು ಹುಕರ್ ಬೇರೆ ಯಾರನ್ನೋ ಕುರಿತು ಆಡಿದ ಮಾತನ್ನು ಆತ ತನಗೇ ಅನ್ವಯಿಸಿಕೊಂಡ.

ಪರಿಣಾಮ, ಬಾರ್ನಕಲ್. ಕಡಲಬಂಡೆಗಳಿಗೂ ಹಡಗಿನ ತಳಕ್ಕೂ ಅಂಟಿಕೊಂಡು ಬದುಕುವ ಈ ಚಿಪ್ಪುಜೀವಿಯ ಅಧ್ಯಯನವನ್ನು ಚಿಲಿಯಿಂದ ತಂದ ಒಂದೇ ಒಂದು ಮಾದರಿಯಿಂದ 1846ರಲ್ಲಿ ಆರಂಭಿಸಿದ. ಅದು ಮುಗಿದದ್ದು 1854ರಲ್ಲಿ. ಫಲ, ನಾಲ್ಕು ಸಂಪುಟ. ಎಂಟು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತ ತಂದೆಯನ್ನು ಕಂಡು ಬೆಳೆದ ಮಗುವೊಂದು, ನೆರೆಮನೆಯ ಯಜಮಾನ ತನ್ನ ಬಾರ್ನಕಲ್‌ಗಳನ್ನು ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತಾನೆಂದು ವಿಚಾರಿಸಿತಂತೆ. ಈ ನಡುವೆ ವಾಂತಿ, ಎದೆಬಡಿತ, ನಿತ್ರಾಣ; ಮಾಲ್ವರ್ನ್‌ನಲ್ಲಿ ತಣ್ಣೀರಿನ ಚಿಕಿತ್ಸೆ. ಅದೇ ಊರಿನಲ್ಲಿ 1851ರಲ್ಲಿ ಹತ್ತು ವರ್ಷದ ಅಕ್ಕರೆಯ ಮಗಳು ಆ್ಯನಿ ತೀರಿಕೊಂಡಳು.

ಡಾರ್ವಿನ್ ಭಯದಿಂದ ತಡಮಾಡಲಿಲ್ಲ, ಕೈಯಲ್ಲಿದ್ದ ಬೇರೆ ಕೆಲಸಗಳಲ್ಲಿ ಮುಳುಗಿದ್ದ ಅಷ್ಟೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಒಂದೇ ಪ್ರಭೇದದೊಳಗೆ ಎಷ್ಟೊಂದು ವ್ಯತ್ಯಾಸವಿರುತ್ತದೆಂಬುದನ್ನು ಬಾರ್ನಕಲ್‌ಗಳೇ ಆತನಿಗೆ ಕಲಿಸಿದವು. 1853ರಲ್ಲಿ ರಾಯಲ್ ಸೊಸೈಟಿಯ ಪದಕವೂ ಬಂತು. ಆದರೆ ಪ್ರಾಮಾಣಿಕ ಪರಿಶ್ರಮವೇ ಅಡಗುದಾಣವೂ ಆಗಬಲ್ಲದು. ಹೆಂಡತಿಗೆ ಬರೆದಿಟ್ಟ ಆ ಪತ್ರವನ್ನು ಓದಿದವರಿಗೆ ಕೆಲಸದ ಒತ್ತಡವೊಂದೇ ಕಾರಣವೆಂದು ನಂಬುವುದು ಕಷ್ಟ.

1856ರಲ್ಲಿ ಭೂವಿಜ್ಞಾನಿ ಲಯೆಲ್ ಎಚ್ಚರಿಸಿದ: ಬೇಗ ಪ್ರಕಟಿಸದಿದ್ದರೆ ಬೇರೊಬ್ಬ ಮುಂದಾಗುತ್ತಾನೆ. ಡಾರ್ವಿನ್ ಬರೆಯಲು ಕುಳಿತನೇನೋ ನಿಜ, ಆದರೆ ಅಲ್ಲೂ ಪರಿಪೂರ್ಣತೆಯ ಹಂಬಲ ಬಿಡಲಿಲ್ಲ. ಪ್ರತಿ ಹೇಳಿಕೆಗೂ ಆಧಾರ, ಪ್ರತಿ ಆಕ್ಷೇಪಕ್ಕೂ ಉತ್ತರವುಳ್ಳ ಮಹಾಗ್ರಂಥವದು. ಪಾರಿವಾಳಗಳನ್ನು ಸಾಕಿ ಅಳತೆ ತೆಗೆದ, ಬೀಜಗಳು ಸಾಗರ ದಾಟಬಲ್ಲವೇ ಎಂದರಿಯಲು ಉಪ್ಪುನೀರಿನಲ್ಲಿ ನೆನೆಯಿಟ್ಟು ಮೊಳಕೆ ಬರಿಸಿದ. ಎರಡು ವರ್ಷದಲ್ಲಿ ಬರಹ ಎರಡು ಲಕ್ಷ ಪದಗಳನ್ನು ದಾಟಿತು. ಮುಕ್ತಾಯ ಮಾತ್ರ ಕಾಣುತ್ತಿರಲಿಲ್ಲ.

1858ರ ಜೂನ್‌ನಲ್ಲಿ ಇಂದಿನ ಇಂಡೊನೇಷ್ಯಾದ ಟೆರ್ನಾಟೆ ದ್ವೀಪದಿಂದ ಅಂಚೆ ಬಂತು. ಕಳಿಸಿದವನು ಆಲ್ಫ್ರೆಡ್ ರಸೆಲ್ ವಾಲೆಸ್. ಆತನಿಗೂ ಆಗ 35 ವರ್ಷ. ಡಾರ್ವಿನ್ ಹೆಂಡತಿಗೆ ಪತ್ರ ಬರೆದಿಟ್ಟ ವಯಸ್ಸು. ಆಸ್ತಿಯಿಲ್ಲ, ಪದವಿಯಿಲ್ಲ, ಕೀಟ, ಪಕ್ಷಿಗಳನ್ನು ಸಂಗ್ರಹಿಸಿ ಮಾರಿ ಹೊಟ್ಟೆ ಹೊರೆಯುತ್ತಿದ್ದವ. ಅಮೆಜಾನ್ ಕಾಡಿನಲ್ಲಿ ನಾಲ್ಕು ವರ್ಷ ದುಡಿದು ಮರಳುವಾಗ 1852ರಲ್ಲಿ ಹಡಗಿಗೆ ಬೆಂಕಿ ಬಿದ್ದು ಜೊತೆಗಿದ್ದ ಸಂಗ್ರಹವೆಲ್ಲ ಬೂದಿಯಾಗಿತ್ತು. ಎರಡೇ ವರ್ಷದಲ್ಲಿ ಆತ ಮಲಯ ದ್ವೀಪಸಮೂಹಕ್ಕೆ ಮತ್ತೆ ಹಡಗು ಹತ್ತಿದ್ದ. ಅಲ್ಲಿ ಜ್ವರದಲ್ಲಿ ಮಲಗಿದ್ದಾಗ, ಅದೇ ಮಾಲ್ಥಸ್‌ನನ್ನು ನೆನೆದು, ಅದೇ ಸಿದ್ಧಾಂತಕ್ಕೆ ತಲುಪಿದ. ಜ್ವರ ಇಳಿದ ಮೇಲೆ ಕೆಲವೇ ದಿನಗಳಲ್ಲಿ ಬರೆದು ಅಂಚೆಗೆ ಹಾಕಿದ. ಯೋಗ್ಯವೆನಿಸಿದರೆ ಲಯೆಲ್‌ಗೆ ತೋರಿಸಬೇಕೆಂಬ ಕೋರಿಕೆ ಜೊತೆಗಿತ್ತು. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಪರಿಪೂರ್ಣತೆಗಾಗಿ ಕಾಯುವ ಐಷಾರಾಮವೂ ಇರಲಿಲ್ಲ.

ಡಾರ್ವಿನ್ ಕಂಗೆಟ್ಟ. ಇಪ್ಪತ್ತು ವರ್ಷದ ಶ್ರಮ ಪರರ ಪಾಲಾಗುವಂತಿತ್ತು. ವಾಲೆಸ್‌ನ ಲೇಖನವನ್ನು ಮುಚ್ಚಿಡುವುದು ಆತನ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ಮನೆಯಲ್ಲಿ ಮಕ್ಕಳಿಗೆ ಕಾಯಿಲೆ. ಜೂನ್ 28ರಂದು ಒಂದೂವರೆ ವರ್ಷದ ಗಂಡುಮಗು ತೀರಿಕೊಂಡಿತು. ಲಯೆಲ್ ಮತ್ತು ಹುಕರ್ ನಡುವೆ ನಿಂತು, ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿಸಿದರು. ಇಬ್ಬರು ಲೇಖಕರೂ ಅಲ್ಲಿರಲಿಲ್ಲ. ದೂರದ ದ್ವೀಪದಲ್ಲಿದ್ದ ವಾಲೆಸ್‌ನ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಇದನ್ನು ಪೂರ್ಣ ನ್ಯಾಯವೆಂದು ಕರೆಯಲಾಗದು. ತಮಾಷೆಯೆಂದರೆ, ಯಾವ ಅನಾಹುತಕ್ಕೆ ಡಾರ್ವಿನ್ ಅಷ್ಟು ವರ್ಷ ಹೆದರಿದ್ದನೋ ಅದು ಅಂದು ಸಂಭವಿಸಲೇ ಇಲ್ಲ. ಆ ವರ್ಷ ಗಮನಾರ್ಹ ಸಂಶೋಧನೆ ಯಾವುದೂ ನಡೆಯಲಿಲ್ಲವೆಂಬರ್ಥದಲ್ಲಿ ಸೊಸೈಟಿಯ ಅಧ್ಯಕ್ಷ ಮರುವರ್ಷ ವರದಿ ಒಪ್ಪಿಸಿದ.

ಇನ್ನು ಕಾಯುವಂತಿರಲಿಲ್ಲ. ಮಹಾಗ್ರಂಥವನ್ನು ಬದಿಗಿಟ್ಟು ಡಾರ್ವಿನ್ ಅದರ ಸಾರಾಂಶವೊಂದನ್ನು ಬರೆಯತೊಡಗಿದ. ಹದಿಮೂರು ತಿಂಗಳಲ್ಲಿ ಸಿದ್ಧವಾದ ಆ ಬರಹದಲ್ಲಿ ಅಡಿಟಿಪ್ಪಣಿಗಳಿರಲಿಲ್ಲ, ಆಧಾರಗಳ ಪಟ್ಟಿಯಿರಲಿಲ್ಲ. ಶೀರ್ಷಿಕೆಯಲ್ಲೇ ಸಾರಾಂಶವೆಂಬ ಪದವಿರಲೆಂದು ಆತ ಹಟ ಹಿಡಿದಿದ್ದ. ಪ್ರಕಾಶಕ ಮರ್ರೆ ಒಪ್ಪಲಿಲ್ಲ. ಹಸ್ತಪ್ರತಿಯನ್ನೋದಿದ ವಿಮರ್ಶಕನೊಬ್ಬ, ಇದರ ಬದಲು ಪಾರಿವಾಳಗಳ ಮೇಲೊಂದು ಪುಸ್ತಕ ಬರೆದರೆ ಜನ ಇಷ್ಟಪಟ್ಟಾರೆಂದು ಸಲಹೆಯಿತ್ತ. 1859ರ ನವೆಂಬರ್ 24ರಂದು ‘ಪ್ರಭೇದಗಳ ಉಗಮ’ ಹೊರಬಂದಾಗ ಅಚ್ಚಾದ 1,250 ಪ್ರತಿಗಳಿಗೂ ಪುಸ್ತಕ ವ್ಯಾಪಾರಿಗಳಿಂದ ಬೇಡಿಕೆ ಬಂದಿತ್ತು.

ಅವಸರದ ಆ ಪುಸ್ತಕದಲ್ಲಿ ತನ್ನ ಸಿದ್ಧಾಂತದ ತೊಡಕುಗಳಿಗೆಂದೇ ಆತ ಒಂದು ಅಧ್ಯಾಯ ಮೀಸಲಿಟ್ಟ. ಕಣ್ಣಿನಂಥ ಸಂಕೀರ್ಣ ಅಂಗ ಹೇಗೆ ರೂಪುಗೊಂಡಿತು, ಮಧ್ಯಂತರ ರೂಪಗಳು ಏಕೆ ವಿರಳ ಎಂಬ ಪ್ರಶ್ನೆಗಳನ್ನು ಎದುರಾಳಿಗಳಿಗಿಂತ ಮೊದಲು ತಾನೇ ಎತ್ತಿದ. ಗುಣಗಳು ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಸಾಗುತ್ತವೆಂಬುದು ಆತನಿಗೆ ಗೊತ್ತಿರಲಿಲ್ಲ, ಕೊನೆಯವರೆಗೂ ಗೊತ್ತಾಗಲಿಲ್ಲ. 1868ರಲ್ಲಿ ತಾತ್ಕಾಲಿಕ ಊಹೆಯೆಂದು ಹೇಳಿಯೇ ಮುಂದಿಟ್ಟ ಅನುವಂಶೀಯತೆಯ ವಿವರಣೆ ತಪ್ಪಾಗಿತ್ತು. ದಕ್ಷಿಣ ಇಂಗ್ಲೆಂಡಿನ ಕಣಿವೆಯೊಂದರ ಸವೆತಕ್ಕೆ 30 ಕೋಟಿ ವರ್ಷ ಹಿಡಿದಿರಬೇಕೆಂದು ಹಾಕಿದ್ದ ಲೆಕ್ಕ ಟೀಕೆಗೊಳಗಾದಾಗ, ಮೂರನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟ. 1872ರವರೆಗೆ ಹೊರಟ ಆರು ಆವೃತ್ತಿಗಳಲ್ಲೂ ತಿದ್ದುಪಡಿ ನಡೆದೇ ಇತ್ತು. ಈ ಬಾರಿ ತಿದ್ದಿದ್ದು ಮುದ್ರಣವಾದ ಮೇಲೆ, ಓದುಗರ ಕಣ್ಣೆದುರಿಗೇ.

ಆತ 1882ರಲ್ಲಿ ನಿಧನನಾದ. ಬದಿಗಿಟ್ಟ ಮಹಾಗ್ರಂಥದ ಮೊದಲೆರಡು ಅಧ್ಯಾಯಗಳ ವಿಷಯ ಬೇರೊಂದು ಪುಸ್ತಕವಾಗಿ ಆತನ ಜೀವಿತಕಾಲದಲ್ಲೇ ಬಂದಿತ್ತು. ಉಳಿದದ್ದು, ಅಡಿಟಿಪ್ಪಣಿಗಳ ಸಮೇತ, ಮುದ್ರಣ ಕಂಡದ್ದು 1975ರಲ್ಲಿ. ಇಂದು ಅದನ್ನು ತೆರೆದು ನೋಡುವವರು ಡಾರ್ವಿನ್ ಕುರಿತು ಸಂಶೋಧನೆ ನಡೆಸುವ ಕೆಲವರು ಮಾತ್ರ.