ಕುರುಬನಿಲ್ಲದ ಮೂರು ಸಭೆಗಳು: ಮ್ಯೂಲೆನ್‌ಬೆರ್ಗ್ ಅಯ್ಯನವರ ಚರಿತ್ರೆ

ಒಂದು ಸಭೆಯ ಬೋಧಕರು ವರ್ಗವಾಗಿಯೋ ಮರಣ ಹೊಂದಿಯೋ ಅದನ್ನು ಬಿಟ್ಟುಹೋದ ಮೇಲೆ ಮತ್ತೊಬ್ಬರು ಬರುವ ತನಕ ಇರುವ ಕಾಲವು ಶೋಧನೆಯ ಕಾಲವಾಗಿದೆ. ಆಗ ಸಭೆಯವರು ತಮ್ಮ ಸಭೆಯು ಹೇಗೆ ಹುಟ್ಟಿತು, ಯಾವ ಒಪ್ಪಂದದ ಮೇಲೆ ನಿಂತಿದೆ, ಅದರಲ್ಲಿ ವಾಕ್ಯವನ್ನು ಸಾರುವದಕ್ಕೆ ಯಾರಿಗೆ ಅಧಿಕಾರವುಂಟು ಎಂಬ ವಿಷಯಗಳನ್ನು ಹಿಂತಿರುಗಿ ವಿಚಾರಿಸಬೇಕಾಗುವದು. ಹೀಗೆ ವಿಚಾರಿಸದ ಸಭೆಯು ಬಂದವರೆಲ್ಲರ ಹಿಂದೆ ಹೋಗಿ ಚದರಿಹೋಗುವದು. ಅಮೇರಿಕಾ ದೇಶದ ಲುಥೆರನ್ ಸಭೆಗಳ ಪಿತೃವೆಂದು ಹೆಸರುಗೊಂಡ ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬೆರ್ಗ್ ಅಯ್ಯನವರ ಚರಿತ್ರೆಯು ಇದನ್ನು ಚೆನ್ನಾಗಿ ಕಲಿಸುತ್ತದೆ.

ಇವರು 1711ನೇ ಇಸವಿ ಸೆಪ್ಟೆಂಬರ್ 6ರಲ್ಲಿ ಜೆರ್ಮನಿ ದೇಶದ ಹನೋವರ್ ಸೀಮೆಗೆ ಸೇರಿದ ಐನ್‌ಬೆಕ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಜೋಡು ಹೊಲಿಯುವ ಕಸುಬಿನವನು. ಮಗನು ಹನ್ನೆರಡು ವರುಷದವನಾಗಿದ್ದಾಗಲೇ ಅವನು ತೀರಿಕೊಂಡದ್ದರಿಂದ ಹುಡುಗನು ಓದನ್ನು ಬಿಟ್ಟು ಕೈಕೆಲಸಕ್ಕೆ ಹೋಗಬೇಕಾಯಿತು. ಆದರೂ ದೇವರ ಕೃಪೆಯಿಂದ ಗಾಟಿಂಗೆನ್ ವಿದ್ಯಾಲಯದಲ್ಲಿ ಕಲಿಯುವ ದಾರಿ ತೆರೆಯಲ್ಪಟ್ಟಿತು. ಅಲ್ಲಿ ಅವರು ಸ್ನೇಹಿತರೊಂದಿಗೆ ಬಡವರ ಮಕ್ಕಳಿಗಾಗಿ ಒಂದು ಶಾಲೆಯನ್ನು ನಡಿಸಿದರು. 1738ರಲ್ಲಿ ಹಾಲೆ ಪಟ್ಟಣದ ಅನಾಥಾಲಯದಲ್ಲಿ ಉಪಾಧ್ಯಾಯರಾದರು. ನಮ್ಮ ದೇಶದ ತರಂಗಂಬಾಡಿಗೆ 1706ರಲ್ಲಿ ಬಂದ ಜೀಗೆನ್‌ಬಾಲ್ಗ್ ಅಯ್ಯನವರು ಕಲಿತದ್ದೂ, ತರುವಾಯ 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯನ್ನು ಕಂಡ ಶ್ವಾರ್ಟ್ಸ್ ಅಯ್ಯನವರು ಕಲಿತದ್ದೂ ಇದೇ ಹಾಲೆಯಲ್ಲಿಯೇ. ಮ್ಯೂಲೆನ್‌ಬೆರ್ಗರನ್ನು ಸಹ ಹಿಂದೂದೇಶಕ್ಕೆ ಕಳುಹಿಸಬೇಕೆಂಬ ಆಲೋಚನೆ ಹಿರಿಯರಲ್ಲಿತ್ತು. ಆದರೆ ಕರ್ತನು ಅವರಿಗೆ ಬೇರೆ ಹೊಲವನ್ನು ನೇಮಿಸಿದ್ದನು.

ಆ ಕಾಲದಲ್ಲಿ ಸಾವಿರಾರು ಜೆರ್ಮನ್ ಜನರು ಬಡತನದ ದೆಸೆಯಿಂದ ಹಡಗು ಹತ್ತಿ ಅಮೇರಿಕಾದ ಪೆನ್ಸಿಲ್ವೇನಿಯ ಸೀಮೆಗೆ ಹೋಗಿ ಕಾಡು ಕಡಿದು ಹೊಲಮಾಡಿಕೊಂಡಿದ್ದರು. ಫಿಲದೆಲ್ಫಿಯ ಪಟ್ಟಣದಲ್ಲಿಯೂ ನ್ಯೂ ಹನೋವರ್, ಪ್ರಾವಿಡೆನ್ಸ್ ಎಂಬ ಹಳ್ಳಿಗಳಲ್ಲಿಯೂ ಇದ್ದ ಲುಥೆರನ್ ಜನರು ಒಂದುಗೂಡಿ 1733ರಲ್ಲಿ ತಮ್ಮ ಪ್ರತಿನಿಧಿಗಳನ್ನು ಯುರೋಪಿಗೆ ಕಳುಹಿಸಿ ಬೋಧಕರನ್ನು ಬೇಡಿಕೊಂಡರು. ಬೋಧಕರ ಜೀವನಕ್ಕೆ ಏನು ಕೊಡುವಿರೆಂಬದನ್ನು ಮೊದಲು ಗೊತ್ತುಮಾಡಿರೆಂದು ಹಾಲೆಯವರು ಬರೆದರು. ಬೋಧಕರು ಮೊದಲು ಬರಲಿ ಎಂದು ಸಭೆಯವರು ಬರೆದರು. ಈ ಕಾಗದಗಳು ಸಮುದ್ರವನ್ನು ದಾಟುತ್ತಾ ಇರುವಾಗಲೇ ಎಂಟು ವರುಷಗಳು ಕಳೆದವು. ಮಕ್ಕಳು ಬೋಧನೆಯಿಲ್ಲದೆ ಬೆಳೆದರು. ಕಡೆಗೆ 1741ರಲ್ಲಿ ತಮ್ಮ ಹುಟ್ಟುಹಬ್ಬದ ದಿವಸದಲ್ಲಿಯೇ ಮ್ಯೂಲೆನ್‌ಬೆರ್ಗರು ಈ ಕರೆಯನ್ನು ಹೊಂದಿದರು.

1742ನೇ ನವೆಂಬರ್ 25ರಲ್ಲಿ ಅವರು ಫಿಲದೆಲ್ಫಿಯಕ್ಕೆ ಬಂದು ಮುಟ್ಟಿದಾಗ ಅವರನ್ನು ಎದುರುಗೊಳ್ಳುವದಕ್ಕೆ ಯಾರೂ ಇರಲಿಲ್ಲ. ಮೂರು ಸಭೆಗಳೂ ಮೂರು ದಿಕ್ಕು ಹಿಡಿದಿದ್ದವು. ನ್ಯೂ ಹನೋವರಿನಲ್ಲಿ ವೈದ್ಯನೆನಿಸಿಕೊಂಡ ಸ್ಮಿತ್ ಎಂಬವನು ಪ್ರಸಂಗಪೀಠವನ್ನೇರಿದ್ದನು. ಪಟ್ಟಣದಲ್ಲಿ ಕೆಲವರು ಸ್ವದೇಶದಲ್ಲಿ ಕೆಲಸದಿಂದ ತೆಗೆಯಲ್ಪಟ್ಟಿದ್ದ ಕ್ರಾಫ್ಟ್ ಎಂಬ ಮುದುಕನನ್ನು ಬೋಧಕನಾಗಿ ಒಪ್ಪಿಕೊಂಡಿದ್ದರು. ಬೇರೆ ಕೆಲವರು ಜಿನ್ಸೆಂಡಾರ್ಫ್ ಪ್ರಭುವನ್ನು ಹಿಂಬಾಲಿಸಿದ್ದರು. ಈ ಪ್ರಭುವು ಮೊರಾವಿಯ ಸಭೆಯ ನಾಯಕರು, ಭಕ್ತಿವಂತರು. ಅವರ ಸಭೆಯವರು ದೂರದ್ವೀಪಗಳ ದಾಸರಿಗೂ ಸುವಾರ್ತೆಯನ್ನು ಮುಟ್ಟಿಸಿದ್ದನ್ನು ನಾವು ಸ್ತೋತ್ರದಿಂದ ನೆನಸತಕ್ಕದ್ದು. ಆದರೆ ಎಲ್ಲಾ ಪಂಗಡಗಳನ್ನು ಒಂದುಮಾಡಬೇಕೆಂಬ ಆಶೆಯಿಂದ ಅವರು ಆ ಸೀಮೆಯ ಲುಥೆರನ್ ಸಭೆಗಳಿಗೂ ತಾವೇ ಮೇಲ್ವಿಚಾರಕರೆಂದು ಹೇಳಿಕೊಂಡಿದ್ದರು. ಫಿಲದೆಲ್ಫಿಯದ ಸಭಾಪುಸ್ತಕವೂ ರಾತ್ರಿಭೋಜನದ ಪಾತ್ರೆಯೂ ಅವರ ಪಕ್ಷದವರ ಕೈಯಲ್ಲಿದ್ದವು.

ಮ್ಯೂಲೆನ್‌ಬೆರ್ಗರು ಬೀದಿಯಲ್ಲಿ ನಿಂತು ವಾದಿಸಲಿಲ್ಲ. ಅವರು ಮೂರು ಸಭೆಗಳಿಗೂ ಹೋಗಿ ಸಭೆಯವರು ಹಿಂದೆ ಬರೆದ ಬೇಡಿಕೆಯನ್ನೂ ತಮಗೆ ಕೊಡಲ್ಪಟ್ಟ ಕರೆಪತ್ರವನ್ನೂ ಎಲ್ಲರ ಮುಂದೆ ತೋರಿಸಿದರು. ಸಭೆಯವರು ತಾವೇ ಬರೆದದ್ದನ್ನು ನೆನಪುಮಾಡಿಕೊಂಡರು. ಹಿರಿಯರು ಅವರನ್ನು ಅಂಗೀಕರಿಸಿ ರುಜುಹಾಕಿದರು. ವರುಷದ ಕೊನೆಯಲ್ಲಿ ಅವರು ಜಿನ್ಸೆಂಡಾರ್ಫ್ ಪ್ರಭುವಿನ ಎದುರಿನಲ್ಲಿ ನಿಂತು ಸಭೆಯ ಪುಸ್ತಕವನ್ನೂ ಪಾತ್ರೆಯನ್ನೂ ಕೇಳಿದರು. ಪ್ರಭುವು ಒಪ್ಪಲಿಲ್ಲ. ವಿಷಯವು ನಗರಾಧಿಕಾರಿಯ ತನಕ ಹೋಯಿತು. 1743ರ ಆರಂಭದಲ್ಲಿ ಪ್ರಭುವು ಯುರೋಪಿಗೆ ಹಿಂತಿರುಗಲು ಪಟ್ಟಣವನ್ನು ಬಿಟ್ಟರು.

ಒಂದು ಪುಸ್ತಕಕ್ಕಾಗಿ ಇಷ್ಟು ಹೋರಾಟವೇಕೆಂದು ಕೆಲವರು ಕೇಳಬಹುದು. ಯಾರಿಗೆ ದೀಕ್ಷಾಸ್ನಾನವಾಯಿತು, ಯಾರ ವಿವಾಹವಾಯಿತು, ಯಾರನ್ನು ನಂಬಿಕೆಯಲ್ಲಿ ಹೂಳಿಟ್ಟರು ಎಂಬದು ಅದರಲ್ಲಿರುವದರಿಂದ ಅದು ಸಭೆಯ ಸಾಕ್ಷಿಯಾಗಿದೆ. ಅದು ಇಲ್ಲದಿದ್ದರೆ ಗಟ್ಟಿಯಾಗಿ ಮಾತಾಡುವವನೇ ಸಭೆಯ ಯಜಮಾನನಾಗುವನು.

ಆಮೇಲೆ ಕಟ್ಟುವ ಕೆಲಸವು ಆರಂಭವಾಯಿತು. ಪ್ರಾವಿಡೆನ್ಸಿನವರು ಕಣಜದ ಕೊಟ್ಟಿಗೆಯಲ್ಲಿ ಆರಾಧನೆ ಮಾಡುತ್ತಿದ್ದರು. 1743ರಲ್ಲಿ ಅವರು ಟ್ರಾಪ್ ಎಂಬ ಸ್ಥಳದಲ್ಲಿ ಕಲ್ಲಿನ ದೇವಾಲಯವನ್ನು ಕಟ್ಟಿ, ಹಾಲೆಯ ಅನಾಥಾಲಯವನ್ನು ಸ್ಥಾಪಿಸಿದ ಔಗುಸ್ಟ್ ಫ್ರಾಂಕೆ ಅಯ್ಯನವರ ಜ್ಞಾಪಕಾರ್ಥವಾಗಿ ಅದಕ್ಕೆ ಹೆಸರಿಟ್ಟರು. ಅದು ಇಂದಿಗೂ ನಿಂತಿದೆ. ಬೋಧಕರು ತಾವೇ ಶಾಲೆಯನ್ನು ನಡಿಸಿದರು. ಹದಿನೇಳು, ಇಪ್ಪತ್ತು ವರುಷದ ಯೌವನಸ್ಥರು ಅಕ್ಷರಮಾಲೆಯ ಪುಸ್ತಕವನ್ನು ಹಿಡಿದುಕೊಂಡು ಬಂದು ಚಿಕ್ಕವರ ಜೊತೆಯಲ್ಲಿ ಕೂತರು. ಹಿಂದಿನ ಅಲೆಮಾರಿಗಳು ಸಂಸ್ಕಾರಗಳಿಗೆ ಹಣ ತೆಗೆದುಕೊಂಡದ್ದರಿಂದ ಜನರಲ್ಲಿ ಸಂಶಯವು ತುಂಬಿತ್ತು. ಆದಕಾರಣ ಅವರು ಕೊರತೆಯನ್ನೂ ಸಾಲವನ್ನೂ ಸಹಿಸಿಕೊಂಡು, ಮಳೆಯಲ್ಲಿಯೂ ಹಿಮದಲ್ಲಿಯೂ ಕುದುರೆಯೇರಿ ಹೊಳೆಗಳನ್ನು ದಾಟಿ ಸಭೆಯಿಂದ ಸಭೆಗೆ ಹೋದರು. 1745ರಲ್ಲಿ ಅನ್ನ ಮರಿಯ ವೈಸರ್ ಎಂಬವರನ್ನು ಮದುವೆಮಾಡಿಕೊಂಡರು. ಅವರಿಗೆ ಹನ್ನೊಂದು ಮಕ್ಕಳು ಹುಟ್ಟಿದರು.

1748ನೇ ಆಗಸ್ಟ್ 26ರಲ್ಲಿ ಫಿಲದೆಲ್ಫಿಯದ ಸಂತ ಮಿಕಾಯೇಲನ ದೇವಾಲಯದಲ್ಲಿ ಬೋಧಕರೂ ಸಭೆಗಳ ಪ್ರತಿನಿಧಿಗಳೂ ಕೂಡಿದರು. ಅಮೇರಿಕಾದಲ್ಲಿ ಬಾಳಿ ಉಳಿದ ಮೊದಲನೆಯ ಲುಥೆರನ್ ಸಿನೊಡ್ ಇದೇ. ಆರಾಧನೆಗೆ ಒಂದೇ ಕ್ರಮವು ಗೊತ್ತಾಯಿತು. ಪ್ರತಿನಿಧಿಗಳು ತಮ್ಮ ಶಾಲೆಗಳ ಸ್ಥಿತಿಯನ್ನು ತಿಳಿಸಿದರು. ಆದರೂ ಪಟ್ಟಣದ ಸಭೆಯಲ್ಲಿ ಕೆಲವೇ ಹಿರಿಯರು ಅಧಿಕಾರವನ್ನು ಹಿಡಿದುಕೊಂಡದ್ದರಿಂದ ಜಗಳಗಳು ಎದ್ದವು. ಆಗ ಮ್ಯೂಲೆನ್‌ಬೆರ್ಗರು ಸ್ವೀಡಿಷ್ ಬೋಧಕರಾದ ರಾಂಗೆಲರ ಸಹಾಯದಿಂದ ಸಭಾನಿಯಮಗಳನ್ನು ಬರೆದರು. 1762ರಲ್ಲಿ ಸಭೆಯವರು ಅದನ್ನು ಒಪ್ಪಿದರು. ಅದರ ಪ್ರಕಾರ ಸಭಾಹಿರಿಯರನ್ನು ಸಭೆಯವರೇ ಆರಿಸಬೇಕು. ಅನೇಕ ಸಭೆಗಳು ಇದನ್ನೇ ಮಾದರಿಯಾಗಿ ತೆಗೆದುಕೊಂಡವು.

1774ರಲ್ಲಿ ವೃದ್ಧಾಪ್ಯವು ಸಮೀಪಿಸಿದ್ದರೂ ಅವರು ಜಾರ್ಜಿಯ ಸೀಮೆಯ ಎಬೆನೆಜೆರಿಗೆ ಹೋದರು. ಸುವಾರ್ತೆಯ ನಿಮಿತ್ತ ಸಾಲ್ಜ್‌ಬುರ್ಗ್ ಸೀಮೆಯಿಂದ ಹೊರಡಿಸಲ್ಪಟ್ಟ ಜನರ ಸಭೆ ಅದು. ಅಲ್ಲಿಯ ಇಬ್ಬರು ಬೋಧಕರ ಕಲಹದಿಂದ ಸಭೆಯು ಸೀಳಿಹೋಗಿತ್ತು. ಇವರು ಇಬ್ಬರ ಮಾತನ್ನೂ ಕೇಳಿ, ಆಮೇಲೆ ದೇವಾಲಯದ ಹಕ್ಕುಪತ್ರವನ್ನು ಪರೀಕ್ಷಿಸಿದರು. ಅದರಲ್ಲಿ ಆ ದೇವಾಲಯವು ಇಂಗ್ಲೆಂಡಿನ ಸಭೆಗೆ ಸೇರಿದಂತೆ ಬರೆಯಲ್ಪಟ್ಟಿತ್ತು! ಜನರು ತಮ್ಮೊಳಗೆ ಹೋರಾಡುತ್ತಿದ್ದರು. ಕಾಲ ಕೆಳಗಿನ ನೆಲವು ಯಾರದೆಂಬದನ್ನು ಒಬ್ಬನೂ ಓದಿ ನೋಡಿರಲಿಲ್ಲ. ಅಯ್ಯನವರು ಅವರಿಗೂ ನಿಯಮಗಳನ್ನು ಬರೆದುಕೊಟ್ಟು ಎರಡೂ ಪಕ್ಷದವರಿಂದ ರುಜುಹಾಕಿಸಿದರು.

ಆಮೇಲೆ ಅಮೇರಿಕಾದವರು ಇಂಗ್ಲೆಂಡಿನ ಅರಸನ ಮೇಲೆ ಎದ್ದ ಯುದ್ಧವು ಬಂತು. ಅರಸನಿಗೆ ಪ್ರಮಾಣಮಾಡಿದ್ದ ಮುದಿ ಬೋಧಕರು ಎರಡು ಪಕ್ಷಗಳ ನಡುವೆ ಬಹಳ ಸಂಕಟಪಟ್ಟರು. ಬೋಧಕನಾಗಿದ್ದ ಮಗನಾದ ಪೀಟರನು ದಂಡಿಗೆ ಸೇರಿ ಸೇನಾಪತಿಯಾದನು. 1776ರಲ್ಲಿ ಅಯ್ಯನವರು ಟ್ರಾಪಿನ ಮನೆಗೆ ಹೋದರು. ಮರುವರುಷ ದಂಡಾಳುಗಳು ಅಲ್ಲಿಯ ದೇವಾಲಯದಲ್ಲಿ ಇಳಿದುಕೊಂಡು ಅದನ್ನು ಹೊಲೆಮಾಡಿದ್ದನ್ನು ಅವರು ಕಣ್ಣಾರೆ ಕಂಡು ದುಃಖಿಸಿದರು. ಆದರೂ ದಿನಚರಿಯನ್ನು ಬರೆಯುವದನ್ನು ಬಿಡಲಿಲ್ಲ. ಅಮೇರಿಕಾಕ್ಕೆ ಹೊರಟ 1742ರಿಂದ ಮರಣದ ವರುಷದ ತನಕ ಅದನ್ನು ಬರೆದರು. 1787ನೇ ಅಕ್ಟೋಬರ್ 7ರಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಆ ಕಲ್ಲಿನ ದೇವಾಲಯದ ಬಳಿಯಲ್ಲಿ ಅವರ ಸಮಾಧಿಯುಂಟು. ಅವರ ದಿನಚರಿಯು 20ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ಆ ದೇಶದ ಸಭೆಗಳು ತಮ್ಮ ಹುಟ್ಟನ್ನು ವಿಚಾರಿಸುವಾಗ ಅದನ್ನೇ ತೆರೆಯುತ್ತವೆ.

ಪ್ರಿಯರೇ, ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಬೋಧಕರು ಬರುತ್ತಾರೆ, ಹೋಗುತ್ತಾರೆ. ಸಭೆಯಾದರೋ ಕರ್ತನದಾಗಿ ಉಳಿಯುತ್ತದೆ. ಆದದರಿಂದ ಸಭಾಹಿರಿಯರು ದೀಕ್ಷಾಸ್ನಾನದ ಪುಸ್ತಕವು ಎಲ್ಲಿದೆ, ಕಡೆಯ ಹೆಸರು ಯಾವಾಗ ಬರೆಯಲ್ಪಟ್ಟಿತು, ದೇವಾಲಯದ ನೆಲದ ಪತ್ರವು ಯಾರ ಪೆಟ್ಟಿಗೆಯಲ್ಲಿದೆ ಎಂದು ನೋಡಲಿ. ಗೆದ್ದಲು ಹಿಡಿದಿದ್ದರೆ ಬೇರೆ ಪ್ರತಿಯನ್ನು ಮಾಡಿಸಲಿ. ಮೊದಲು ನಂಬಿದ ಅಜ್ಜ ಅಜ್ಜಿಯರ ಸಂಗತಿಗಳನ್ನು ತಿಳಿದ ಮುದುಕರು ಇನ್ನೂ ಇರುವಾಗಲೇ ಯೌವನಸ್ಥರು ಅವರ ಬಳಿಯಲ್ಲಿ ಕೂತು ಕೇಳಿ ಬರೆದಿಡಲಿ. ಇದು ಗರ್ವಕ್ಕಾಗಿ ಅಲ್ಲ. ಇಷ್ಟರ ವರೆಗೆ ಸಹಾಯಮಾಡಿದ ದೇವರನ್ನು ಮರೆಯದೆ, ಮುಂದೆ ಬರುವ ಕುರುಬನನ್ನು ಒಂದೇ ಮನಸ್ಸಿನಿಂದ ಎದುರುಗೊಳ್ಳುವದಕ್ಕಾಗಿಯೇ. ಮಹಾಕುರುಬನಾದ ಕರ್ತನು ತಾನೇ ನಮ್ಮ ಸಭೆಗಳನ್ನು ಕಾಯಲಿ.